ಮಾರು ಲೆಕ್ಕದ ಫಿಶ್ ಫೈಂಡರ್

ಫಿಶ್ ಫೈಂಡರ್ ಮೀನು ಹಿಡಿಯೋದಿಲ್ಲ, ಕೂಗು ಹಾಕಿ ಕಿವಿಗೊಡುತ್ತದೆ ಅಷ್ಟೇ. ಬೋಟಿನ ತಳದಲ್ಲಿರುವ ಟ್ರಾನ್ಸ್‌ಡ್ಯೂಸರ್ ನೀರಿಗೆ ಶಬ್ದದ ಅಲೆ ಕಳಿಸುತ್ತದೆ. ಸಮುದ್ರದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 30 ಮೀಟರ್ ಆಳದ ನೆಲ ಮುಟ್ಟಿ ವಾಪಸ್ ಬರಲು 0.04 ಸೆಕೆಂಡ್ ಸಾಕು. ನಮ್ಮ ಆಫೀಸಿನ ಸರ್ವರ್ ಕೂಡ ಇಷ್ಟು ಬೇಗ ಉತ್ತರ ಕೊಡಲ್ಲ.

ಗಂಗೊಳ್ಳಿಯಲ್ಲಿ ದೊಡ್ಡಪ್ಪನ ಹಳೇ ಮರದ ಬೋಟಿಗೆ ಇದನ್ನ ಕೂರಿಸೋದು ಮಾತ್ರ ಬೇರೆ ಕತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡದ ಮೇಲಿತ್ತು. ಗಟ್ಟಿ ಫೈಬರ್ ಬೋಟಾದರೆ ಒಳಗಿನಿಂದಲೇ ಅಂಟಿಸಬಹುದು. ಮರ ಶಬ್ದವನ್ನು ನುಂಗುತ್ತದೆ. ಹಾಗಾಗಿ ತಳಕ್ಕೇ ತೂತು ಕೊರೆಯಬೇಕು.

"ಬೋಟಿನ್ ಅಡಿಗೆ ತೂತಾ? ಮಂಡೆ ಸಮ ಇತ್ತಾ ನಿಂಗೆ?"

ನ್ಯಾಯವೇ. 40 ವರ್ಷದಿಂದ ಅವರು ಬೋಟಿನೊಳಗೆ ನೀರು ಬರದ ಹಾಗೆ ಕಾದವರು. ಆದರೆ ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿಯೇ ಮೀನಿನ ಹಿಂಡು ಎಲ್ಲಿದೆ ಅಂತ ಹೇಳುತ್ತಿದ್ದ ಆ ತಾಂಡೇಲರಿಗೆ ಈಗ ಕಣ್ಣು ಮಂಜು. ಹೋದ ಸೀಸನ್ನಿನಲ್ಲಿ ಡೀಸೆಲ್ ಸುಟ್ಟು ಖಾಲಿ ಬಲೆ ತಂದ ದಿನಗಳೇ ಹೆಚ್ಚು. ಇದನ್ನ ಹೇಳಿದ್ದು ಅವರಲ್ಲ, ದೊಡ್ಡಮ್ಮ. ನಾನು ಕಣ್ಣಿನ ಮಾತೇ ಎತ್ತಲಿಲ್ಲ. ಡೀಸೆಲ್ ಲೆಕ್ಕ ಮಾತ್ರ ಹೇಳಿದೆ.

ಒಪ್ಪಿದ ಮೇಲೆ ಮೇಸ್ತ್ರಿಯ ಪಕ್ಕದಿಂದ ಅವರು ಏಳಲೇ ಇಲ್ಲ. ಮರ ನೀರು ಕುಡಿದು ಉಬ್ಬಿದರೆ ಪ್ಲಾಸ್ಟಿಕ್ ಒಡೆದೀತು ಅಂತ ಕಂಚಿನದೇ ತರಿಸಿದ್ದೆವು. ತಳ ಇಳಿಜಾರು, ಟ್ರಾನ್ಸ್‌ಡ್ಯೂಸರ್ ನೆಟ್ಟಗೆ ಕೆಳಗೆ ನೋಡಬೇಕಲ್ಲ, ಅದಕ್ಕೊಂದು ಮರದ ಬೆಣೆ ಕೆತ್ತಿಸಿದರು. ನೀರ್ಗುಳ್ಳೆ ಕಾಟ ಇಲ್ಲದ ಜಾಗ ಯಾವುದು ಅಂತ ಮ್ಯಾನ್ಯುಯಲ್ ತಿರುವುತ್ತಿದ್ದೆ, ಅಷ್ಟರಲ್ಲಿ ಬೆರಳಿಟ್ಟು ತೋರಿಸಿದ್ದರು.

ನೀರಿಗಿಳಿಸಿ ಎಂಜಿನ್ ಶುರು ಮಾಡಿದರೆ ಪರದೆ ತುಂಬ ಚುಕ್ಕಿ! "ಇಷ್ಟ್ ಮೀನ್ ಇದ್ದಿದ್ರೆ ಸಾಲ ಮಾಡ್ಕಿತ್ತಾ?" ಅಂದರು. ಅದು ಆಲ್ಟರ್ನೇಟರಿನ ಗಲಾಟೆ. ಹಳೇ ವೈರಿಂಗ್ ಬಿಟ್ಟು ಬ್ಯಾಟರಿಯಿಂದಲೇ ಬೇರೆ ವೈರ್ ಎಳೆದ ಮೇಲೆ ಸರಿಯಾಯಿತು.

ಆಳ ಮೀಟರಿನಲ್ಲಿ ಬರುತ್ತಿತ್ತು. ದೊಡ್ಡಪ್ಪನ ಕಡಲು ಇರೋದು ಮಾರಿನಲ್ಲಿ. ಸೆಟ್ಟಿಂಗಿನಲ್ಲಿ ಫ್ಯಾದಮ್ ಆರಿಸಿದೆ: 6 ಅಡಿ, ಹೆಚ್ಚೂಕಡಿಮೆ ಚಾಚಿದ ಎರಡು ಕೈಯಷ್ಟು, ಅಂದರೆ ಒಂದು ಮಾರು. 12 ಅಂತ ಬಂತು.

"ಸಮ ಇತ್ತ್. ಮುಂದೆ ಕಲ್ಲ್ ಬತ್ತ್," ಅಂದರು, ಪರದೆ ನೋಡದೆ. ಸ್ವಲ್ಪ ಹೊತ್ತಿಗೆ ನೆಲದ ಗೆರೆ ಎದ್ದು ಬಂತು.

ಆಮೇಲೆ ಮೆಲ್ಲಗೆ ಕೇಳಿದರು, "ಈ ನಂಬ್ರ ದೊಡ್ಡದ್ ಮಾಡುಕ್ ಆತ್ತಾ?"