ಮುಂದಿನ ಕಂತು ಬರೆಯುವ ಕೈಗೆ

ಮಂಡ್ಯದ ನಮ್ಮ ಚಿಕ್ಕಮ್ಮ ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಮೊಬೈಲ್ ಹಿಡಿದು ಧಾರಾವಾಹಿ ಬರೆಯುತ್ತಿದ್ದಳು. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ಆ್ಯಪ್‌ಗಳು ಬಂದ ಮೇಲೆ ಅವಳಂಥ ಎಷ್ಟೋ ಗೃಹಿಣಿಯರು ಲೇಖಕಿಯರಾಗಿದ್ದಾರೆ. ಬಯಲುಸೀಮೆಯ ಹುಡುಗಿ ಕಾವೇರಿ ಮಲೆನಾಡಿನ ಅಡಿಕೆ ತೋಟದ ಮನೆಗೆ ಸೊಸೆಯಾಗಿ ಹೋಗುವ ಕಥೆ ಅವಳದು. ಸೋಮವಾರಕ್ಕೊಂದು ಕಂತು.

ಒಂದು ವಾರ ಮಗನಿಗೆ ಜ್ವರ ಬಂದು ಕಂತು ತಪ್ಪಿತು. ತಡವಾಗಿ ಹಾಕಿದ ಭಾಗದ ಕೆಳಗೆ ಒಂದೇ ಒಂದು ಸ್ಟಾರ್, ಜೊತೆಗೆ: 'ಸುಮ್ಮನೆ ಎಳೀತಿದ್ದೀರಿ, ಬರೆಯೋಕೆ ಬರದಿದ್ರೆ ಯಾಕೆ ಬರೀತೀರಿ?' ಅದರ ಕೆಳಗೆ ಇನ್ನೊಬ್ಬರು, 'ಕೊನೆಗೆ ಅತ್ತೇನೇ ವಿಷ ಹಾಕೋದು, ಗೊತ್ತಾಯ್ತು ಬಿಡಿ' ಎಂದು ಬರೆದಿದ್ದರು. ಹಬ್ಬದ ರಜೆಗೆ ಹೋಗಿದ್ದ ನನಗೆ ಚಿಕ್ಕಮ್ಮ ಅದನ್ನು ತೋರಿಸಿ, "ಆ ಅತ್ತೆ ಅಂಥೋಳಲ್ಲ ಕಣ ಮಗ, ಇನ್ನೂ ಹೇಳೇ ಇಲ್ವಲ್ಲ ನಾನು" ಎಂದಳು. ಆಮೇಲೆ ಹಬ್ಬ ಮುಗಿಯುವ ತನಕ ಆ ಕಥೆಯನ್ನು ತೆರೆದೂ ನೋಡಲಿಲ್ಲ.

ಮತ್ತೆ ಬರೆಯಿಸಿದ್ದು ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ನಾಲ್ಕು ಸಾಲು. 'ಅಕ್ಕಾ, ಕಾವೇರಿ ಬಾವಿಕಟ್ಟೆ ಹತ್ತಿರ ಅತ್ತೆಗೆ ಎದುರಾಡದೆ ಹಗ್ಗ ಸುತ್ತಿಡುವ ಜಾಗ ಎರಡು ಸಲ ಓದಿದೆ. ಒಂದು ಮಾತು ಹೇಳಲಾ? ಆಷಾಢದಲ್ಲಿ ನಮ್ಮಲ್ಲಿ ಅಡಿಕೆ ಕೊಯ್ಲು ಇಲ್ಲ, ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ ಅದು.' ಆ ಔಷಧಿ ಹೇಗೆ ಮಾಡುವುದೆಂದು ಚಿಕ್ಕಮ್ಮ ಕೂಡಲೇ ಉತ್ತರ ಬರೆದು ಕೇಳಿದಳು. ಅವರು ಬೇಸರವಿಲ್ಲದೆ ವಿವರಿಸಿದರು: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ತಿದ್ದಿದ ಕಂತಿನಲ್ಲಿ ಕಾವೇರಿ ಡ್ರಮ್ಮಿನಲ್ಲಿ ಕೋಲಾಡಿಸುತ್ತಾಳೆ, ತವರಿನ ಸೀರೆಯ ಅಂಚಿಗೆ ನೀಲಿ ಕಲೆ ಹತ್ತುತ್ತದೆ. ಅದನ್ನು ಮೊದಲು ಕಂಡು, ಮಾತಾಡದೆ ತನ್ನ ಹಳೇ ಸೀರೆ ತಂದುಕೊಡುವವಳು ಅತ್ತೆ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಅದೇ.

ಓದುಗರ ಪ್ರತಿಕ್ರಿಯೆ ಹೊಸದೇನಲ್ಲ. 1965ರಲ್ಲಿ 'ಸುಧಾ' ಬಂತು, 1983ರಲ್ಲಿ 'ತರಂಗ'. ಆ ವಾರಪತ್ರಿಕೆಗಳ ಧಾರಾವಾಹಿಗೂ ಓದುಗರು ಪತ್ರ ಬರೆಯುತ್ತಿದ್ದರು, ಸಿಟ್ಟಿನಿಂದಲೂ ಬರೆಯುತ್ತಿದ್ದರು. ಆದರೆ ಅಚ್ಚಾಗುವ ಪತ್ರ ಸಂಪಾದಕರ ಕಣ್ಣು ದಾಟಿಯೇ ಬರಬೇಕಿತ್ತು. ಈಗ ನಡುವೆ ಯಾರೂ ಇಲ್ಲ. ನಾವು ಒತ್ತಿದ ಅಕ್ಷರ ಮರುಕ್ಷಣವೇ ಬರೆಯುವವಳ ಕೈಯಲ್ಲಿರುತ್ತದೆ, ಅದೂ ಕಥೆ ಇನ್ನೂ ಅರ್ಧದಲ್ಲಿರುವಾಗ. ಮುಗಿದ ಪುಸ್ತಕವನ್ನು ಎಷ್ಟು ಕಟುವಾಗಿ ಬೇಕಾದರೂ ವಿಮರ್ಶಿಸಿ, ನನ್ನ ತಕರಾರಿಲ್ಲ. ನಡೆಯುತ್ತಿರುವ ಕಥೆಯಲ್ಲಿ ತಪ್ಪು ಕಂಡರೆ ಇಂಥಲ್ಲಿ ಇಂಥದ್ದು ಎಂದು ತೋರಿಸಿ. ತಡವಾಯಿತೆಂದು ಸ್ಟಾರ್ ಕೀಳಬೇಡಿ. ಅಂತ್ಯ ಊಹಿಸಿದ್ದರೆ ನಿಮ್ಮಲ್ಲೇ ಇಟ್ಟುಕೊಳ್ಳಿ, ನಿಮ್ಮ ಹಿಂದೆ ಓದುವವರಿದ್ದಾರೆ. ಇವತ್ತು ಓದುವ ಕಂತಿನ ಕೆಳಗೆ ಬರೀ 'ಸೂಪರ್' ಎನ್ನದೆ, ಯಾವ ಜಾಗ ಹಿಡಿಸಿತು ಎಂದು ಎರಡು ಸಾಲು ಬರೆಯಿರಿ.