ಬಾವಿ ಹೊಲದ ಸರ್ವೆ ನಂಬರು

ಅಪ್ಪ ಹೋದ ಮೇಲೆ ಅಜ್ಜನ ಜಮೀನು ಒಟ್ಟು ಎಷ್ಟು ತುಂಡು ಅಂತ ಸರಿಯಾಗಿ ಗೊತ್ತಿದ್ದವರು ಯಾರೂ ಉಳಿಯಲಿಲ್ಲ. ಟ್ರಂಕಿನಲ್ಲಿ ಸಿಕ್ಕಿದ್ದು ಒಂದೇ ಪಹಣಿ. ಕಚೇರಿಯ ಕೌಂಟರಿನಲ್ಲಿ ಅಜ್ಜನ ಹೆಸರು ಹೇಳಿದೆ. "ಹೆಸರು ಹೇಳಿದ್ರೆ ಆಗಲ್ಲ ಸಾರ್, ಸರ್ವೆ ನಂಬರ್ ಹೇಳಿ." ಅದು ಗೊತ್ತಿದ್ದರೆ ನಾನ್ಯಾಕೆ ಬರ್ತಿದ್ದೆ!

ವಾಪಸ್ ಬರುವಾಗ ಬಸ್ಸಿನಲ್ಲಿ ನೆನಪಾಗಿದ್ದು, ಓದುವಾಗ ತಲೆ ತಿಂದಿದ್ದ ಡೇಟಾಲಾಗ್. ಏನು ಬೇಕು ಅಂತ ನಿಯಮಗಳಲ್ಲಿ ಹೇಳಿದರೆ ಸಾಕು, ಹೇಗೆ ಹುಡುಕಬೇಕೆಂಬುದು ಯಂತ್ರದ ತಲೆನೋವು. ಕೆಲವು ಟೇಬಲ್‌ಗಳು ಮಾತ್ರ ಇಂಥದ್ದೇ ಕಾಲಂ ತುಂಬಿಕೊಟ್ಟರಷ್ಟೇ ಬಾಯಿ ಬಿಡುತ್ತವೆ. ಅದಕ್ಕೂ ದಾರಿಯಿದೆ ಅಂತ ಡುಶ್ಕಾ ಮತ್ತು ಲೆವಿ 1997ರಲ್ಲೇ ತೋರಿಸಿದ್ದರು: ಸಿಕ್ಕ ಉತ್ತರವನ್ನೇ ಮುಂದಿನ ಪ್ರಶ್ನೆಗೆ ಕೊಡುತ್ತಾ ಹೋಗಿ, ಹೊಸದೇನೂ ಸಿಗದಾಗ ನಿಲ್ಲಿಸಿ.

ನನ್ನ ನಿಯಮಗಳು ಎರಡೇ. ಸರ್ವೆ ನಂಬರ್ ಕೊಟ್ಟರೆ ಪಹಣಿಯಲ್ಲಿ ಮ್ಯುಟೇಶನ್ ನಂಬರ್ ಸಿಗುತ್ತದೆ. ಮ್ಯುಟೇಶನ್ ನಂಬರ್ ಕೊಟ್ಟರೆ ಅದರಲ್ಲಿ ಖಾತೆ ಬದಲಾದ ಸರ್ವೆ ನಂಬರುಗಳು ಸಿಗುತ್ತವೆ. ಕಂಪ್ಯೂಟರೂ ಬೇಕಾಗಲಿಲ್ಲ ಬಿಡಿ, ಒಂದು ನೋಟ್‌ಬುಕ್ಕು, ಮೂರು ದಿನ ರಜೆ. ಒಂದು ನಂಬರು ನಾಲ್ಕಾಯಿತು. ಆಮೇಲೆ ಬೆಳೆಯಲಿಲ್ಲ.

ಆದರೆ ಅಜ್ಜಿ ಯಾವಾಗಲೂ ಹೇಳುತ್ತಿದ್ದ ಬಾವಿ ಹೊಲ ಆ ನಾಲ್ಕರಲ್ಲಿ ಇಲ್ಲ... ಹೊಲವೇ ಇಲ್ಲ ಅಂತಲ್ಲ, ನನ್ನ ಕೈಲಿದ್ದ ಪಹಣಿಯಿಂದ ಅಲ್ಲಿಗೆ ಕೊಂಡಿ ಇಲ್ಲ, ಅಷ್ಟೇ. ಈ ವಿಧಾನ ತಲುಪಲು ಆಗುವುದನ್ನೆಲ್ಲ ಕೊಡುತ್ತದೆ, ಇರುವುದನ್ನೆಲ್ಲ ಅಲ್ಲ. ಚಿಕ್ಕಪ್ಪ "ಮಾರಿರಬೇಕು ಬಿಡೋ" ಅಂತಾರೆ. ಅಜ್ಜಿಯ ಮಾತಲ್ಲಿ ಬರುತ್ತಿದ್ದ ಪಕ್ಕದ ಹೊಲದವರನ್ನು ಹುಡುಕಿ, ಅವರ ಪಹಣಿ ಕೇಳಿ ತಂದಿದ್ದೇನೆ. ಸೋಮವಾರ ಅಲ್ಲಿಂದ ಶುರು.