ಕಾಳ್ಯಾ ಹೆದರಿದ್ದ, ನಾನು ಹೆದರಿರಲಿಲ್ಲ

ನಮ್ಮ ಸಿಂಧನೂರು ಸೀಮೆಯಲ್ಲಿ ಕ್ಯಾಂಪ್ ಅಂದರೆ ಊರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದ ರೈತರು ಹೊಲಗಳ ನಡುವೆ ಕಟ್ಟಿಕೊಂಡ ಊರುಗಳಿಗೆ ಕ್ಯಾಂಪ್ ಅಂತಲೇ ಹೆಸರು. ಹಾಗಾಗಿ ಕಳೆದ ಮೇ ತಿಂಗಳ ಒಂದು ಶನಿವಾರ, "ಅವ್ವಾ, ಕ್ಯಾಂಪಿಂಗ್ ಹೊಂಟೀವಿ" ಅಂದಾಗ ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಯಾವ ಕ್ಯಾಂಪಿಗಿ?"

"ಕ್ಯಾಂಪಿಗಲ್ಲ. ಮಸ್ಕಿ ಕಡೆ ಗುಡ್ಡಕ್ಕ. ರಾತ್ರಿ ಅಲ್ಲೇ ಮಲಗಿ ಮುಂಜಾನೆ ಬರ್ತೀವಿ."

"ಮನ್ಯಾಗ ಮಂಚ ಇಲ್ಲೇನು?"

ಅವಳ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಸಾಲಗುಂದದಲ್ಲಿ ಬೆಳೆದವನಿಗೆ ಕಣ್ಣು ಹಾಯಿಸಿದಷ್ಟೂ ಬಯಲೇ. ಗುಡ್ಡದ ಮೇಲೆ ಮಲಗಿ ನಕ್ಷತ್ರ ನೋಡಬೇಕು ಅನ್ನೋದು ಫೋನಿನಲ್ಲಿ ವಿಡಿಯೊ ನೋಡಿ ಹುಟ್ಟಿದ ಆಸೆ. ನಾನು, ಓಣಿಯ ಒಬ್ಬ ಗೆಳೆಯ, ಜೊತೆಗೆ ಕಾಳ್ಯಾ. ಕಾಳ್ಯಾ ನಮ್ಮ ಮನೆಯ ನಾಯಿ, ಜಾತಿ ಗೀತಿ ಏನಿಲ್ಲ, ನಾಡ ನಾಯಿ. ನಾಯಿ ಅಂತ ಬರೆದರೂ 'ಅದು' ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಬೈಕಿನಲ್ಲಿ ನಮ್ಮಿಬ್ಬರ ನಡುವೆ ಕೂತು, ಕಿವಿ ಗಾಳಿಗೆ ಬಿಟ್ಟು, ಮಸ್ಕಿವರೆಗೂ ಬಂದ.

ಒಂದು ತಾಡಪತ್ರಿ, ಎರಡು ಕಂಬಳಿ, ರೊಟ್ಟಿ, ಶೇಂಗಾ ಚಟ್ನಿ, ಬ್ಯಾಟರಿ, 5 ಲೀಟರ್ ನೀರು. ಕಾಳ್ಯಾನಿಗೆ ಒಂದು ಜರ್ಮನ್ ಬೋಗುಣಿ, ಕಟ್ಟಲಿಕ್ಕೆ ಕಬ್ಬಿಣದ ಸರಪಳಿ. ಆ ಸರಪಳಿಯ ಮಾತು ಆಮೇಲೆ ಬರುತ್ತದೆ.

ಮಸ್ಕಿಯಲ್ಲಿ ಮೊದಲು ಅಶೋಕನ ಶಾಸನ ನೋಡಿದೆವು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಇದನ್ನು ಬೆಳಕಿಗೆ ತಂದ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅಂತಷ್ಟೇ ಇತ್ತು. ಆ ದೇವಾನಾಂಪ್ರಿಯನೇ ಅಶೋಕ ಅಂತ ಹೆಸರು ಹಿಡಿದು ಹೇಳಿದ್ದು ನಮ್ಮ ಮಸ್ಕಿಯ ಕಲ್ಲು. ಬೇರೆ ಕಡೆ ಇರುವ ಅವನ ಇನ್ನೊಂದು ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಔಷಧೋಪಚಾರದ ವ್ಯವಸ್ಥೆ ಮಾಡಿದ್ದಾಗಿ ಹೇಳಿಕೊಂಡಿದ್ದಾನೆ. ಕಾಳ್ಯಾನನ್ನು ಹೊರಗೆ ಗೆಳೆಯನ ಕೈಗೆ ಕೊಟ್ಟು ನಾನು ಒಳಗೆ ಹೋಗಿ ನೋಡಿ ಬಂದೆ. ಅದು ಪುರಾತತ್ವ ಇಲಾಖೆ ಕಾಯುವ ಜಾಗ, ಅಲ್ಲಿ ಮಲಗುವುದು, ಒಲೆ ಹೂಡುವುದು ತಪ್ಪು. ನಾವು ಮಲಗಬೇಕು ಅಂದುಕೊಂಡಿದ್ದು ಅಲ್ಲಿಂದ ಮುಂದಿನ ಇನ್ನೊಂದು ಕಲ್ಲು ಗುಡ್ಡದಲ್ಲಿ. ಅದರ ಬುಡದ ಹೊಲ ಗೆಳೆಯನ ಸೋದರಮಾವಂದು.

ಆ ಹೊಲದಲ್ಲಿ ಕುರಿ ಹಟ್ಟಿ ಬಿಟ್ಟಿತ್ತು. ಗೊಬ್ಬರ ಆಗಲಿ ಅಂತ ಮಾವ ಕುರಿ ನಿಲ್ಲಿಸಿದ್ದರು. ಕುರಿ ಕಾಯುವ ಅಜ್ಜ ಒಬ್ಬನೇ ಇದ್ದ, ಮಗ ಊರಿಗೆ ಹೋಗಿದ್ದನಂತೆ. ಪಕ್ಕದಲ್ಲಿ ಮರಿ, ಸಾಮಾನು ಹೇರಿಕೊಂಡು ಓಡಾಡುವ ಅವರ ಚಿಕ್ಕ ಗೂಡ್ಸ್ ಗಾಡಿ. ಬೈಕ್ ಅಲ್ಲೇ ನಿಲ್ಲಿಸಿದೆವು.

"ಎಲ್ಲಿಗ್ರೋ ತಮ್ಮಾ, ನಾಯಿ ಕಟ್ಕೊಂಡು?"

"ಗುಡ್ಡದ ಮ್ಯಾಲ ಮಲಗತೀವಿ ಯಜ್ಜಾ."

ಅಜ್ಜ ಗುಡ್ಡ ನೋಡಲಿಲ್ಲ, ಪಡುವಣದ ಆಕಾಶ ನೋಡಿದ. "ಧಗಿ ಭಾಳ ಐತಿ. ಸಂಜಿಗಿ ಮಳಿ ಬಂದ್ರೂ ಬರಬೌದು."

ನಾನು ಫೋನ್ ತೆಗೆದು ತೋರಿಸಿದೆ. "ಇದ್ರಾಗ ಮಳಿ ಇಲ್ಲ ಅಂತ ಐತಿ ಯಜ್ಜಾ."

ಅವನು ನಕ್ಕ, ಏನೂ ಹೇಳಲಿಲ್ಲ.

ಐದು ಗಂಟೆ ದಾಟಿದ್ದರೂ ಬಂಡೆ ಸುಡುತ್ತಿತ್ತು. ನಮ್ಮ ಕಾಲಲ್ಲಿ ಚಪ್ಪಲಿ, ಕಾಳ್ಯಾನ ಕಾಲಲ್ಲಿ ಏನಿದೆ? ಒಂದು ಕಾಲು ಎತ್ತಿ, ಇನ್ನೊಂದು ಎತ್ತಿ, ನೆರಳು ಹುಡುಕಿ ಹುಡುಕಿ ಹತ್ತುತ್ತಿದ್ದ. ನನಗೆ ಅದು ಅರ್ಥ ಆಗಿದ್ದು ಅರ್ಧ ಗುಡ್ಡ ಹತ್ತಿದ ಮೇಲೆ, ನಾನೇ ಅಂಗೈ ಊರಿ ಕೂತಾಗ. ಮುಂಗೈಯನ್ನು ಬಂಡೆಗೆ ಹಚ್ಚಿ ಏಳು ಎಣಿಸುವಷ್ಟು ಹೊತ್ತು ಇಡಲಿಕ್ಕೆ ಆಗದಿದ್ದರೆ ನಾಯಿಯ ಅಂಗಾಲಿಗೂ ಅದು ಆಗುವುದಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ನಾಲಿಗೆ ಹೊರಗೆ ಹಾಕಿ ತೇಕುವುದೇ ಅದರ ಮುಖ್ಯ ದಾರಿ. ನಿಂತು ನಿಂತು ಬೋಗುಣಿಗೆ ನೀರು ಹಾಕಿ, ಅಂಗಾಲು ತೋಯಿಸಿ ಕರೆದುಕೊಂಡು ಹೋದೆವು.

ಮೇಲೆ ಒಂದು ಸಣ್ಣ ಸಮತಟ್ಟು ಜಾಗ. ಅಲ್ಲಿ ಒಂದೇ ಒಂದು ಬೇವಿನ ಮರ. ಎಂಥಾ ಜಾಗ ಸಿಕ್ತು ಅಂತ ಖುಷಿಯಾಯಿತು. ತಾಡಪತ್ರಿಯ ಒಂದು ತುದಿ ಮರಕ್ಕೆ, ಇನ್ನೊಂದು ತುದಿ ಕಲ್ಲಿಗೆ ಕಟ್ಟಿದೆವು. ರಾತ್ರಿ ಎಲ್ಲಿಗಾದರೂ ಓಡಿಬಿಟ್ಟಾನು ಅಂತ ಕಾಳ್ಯಾನ ಸರಪಳಿಯನ್ನೂ ಅದೇ ಮರಕ್ಕೆ ಸುತ್ತಿದೆ. ಕೆಳಗೆ ಬಯಲು, ದೂರದಲ್ಲಿ ರಸ್ತೆಯ ದೀಪ. ಫೋಟೊ ತೆಗೆದೆವು, ರೊಟ್ಟಿ ಬಿಚ್ಚಿದೆವು.

ಕಾಳ್ಯಾ ರೊಟ್ಟಿ ಮೂಸಲಿಲ್ಲ. ಪಡುವಣಕ್ಕೆ ಮುಖ ಮಾಡಿ ನಿಂತು ಕುಂಯ್ ಅಂದ. ನನಗೆ ಏನೂ ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ನಮಗೂ ಮಿಂಚು ಕಂಡಿತು, ಬಹಳ ದೂರ. ಅದುವರೆಗೆ ಎಲೆ ಅಲುಗದಷ್ಟು ಧಗೆ. ಒಮ್ಮೆಗೇ ತಣ್ಣನೆ ಗಾಳಿ ಬೀಸಿತು, ಮಣ್ಣಿನ ವಾಸನೆ ತಂತು. ಗೆಳೆಯ "ಆಹಾ" ಅಂದ. ನಾನೂ ಅಂದೆ. ಕಾಳ್ಯಾ ಸರಪಳಿ ಜಗ್ಗತೊಡಗಿದ.

ನಾನು ಗದರಿಸಿದೆ. "ಸುಮ್ನ ಕೂಡೋ, ಗುಡುಗಿಗೆ ಹೆದರ್ತೀಯಾ?"

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಓದು ಮುಗಿಸಿ ಕೆಲವು ತಿಂಗಳು ನಾನು ಒಂದು ಪತ್ರಿಕೆಗೆ ತಾಲೂಕು ಸುದ್ದಿ ಬರೆಯುತ್ತಿದ್ದೆ. ಏಪ್ರಿಲ್, ಮೇ ಬಂತೆಂದರೆ ಒಂದು ಸುದ್ದಿ ತಪ್ಪದೆ ಬರುತ್ತಿತ್ತು: ಸಿಡಿಲು ಬಡಿದು ರೈತ ಸಾವು, ಸಿಡಿಲಿಗೆ ಕುರಿಗಾಹಿ ಬಲಿ. ನಾಲ್ಕು ಸಾಲು. ಹೆಸರು, ವಯಸ್ಸು, ಊರು, ಠಾಣೆ. ಪ್ರತಿ ಸಲವೂ ಒಂದು ಸಾಲು ಮಾತ್ರ ಬದಲಾಗುತ್ತಿರಲಿಲ್ಲ: 'ಮಳೆಯಿಂದ ರಕ್ಷಣೆ ಪಡೆಯಲು ಮರದ ಕೆಳಗೆ ನಿಂತಿದ್ದ ವೇಳೆ'. ಆ ಸಾಲನ್ನು ನಾನು ಎಷ್ಟೋ ಸಲ ಹಳೆ ಸುದ್ದಿಯಿಂದ ನಕಲು ಮಾಡಿ ಹಾಕಿದ್ದೇನೆ.

ಅದೇ ನಾನು, ದೊಡ್ಡ ಹನಿ ಬೀಳಲು ಶುರುವಾದ ಕೂಡಲೇ ಕಂಬಳಿ ಎತ್ತಿಕೊಂಡು ಬೇವಿನ ಮರದ ಬುಡಕ್ಕೆ ಒತ್ತಿ ನಿಂತೆ. ಗುಡ್ಡದ ನೆತ್ತಿಯ ಒಂಟಿ ಮರ. ಅದಕ್ಕೆ ಸುತ್ತಿದ ಕಬ್ಬಿಣದ ಸರಪಳಿ. ಸರಪಳಿಯ ತುದಿಗೆ ನಾಯಿ.

ಕೆಳಗಿನಿಂದ ಬ್ಯಾಟರಿ ಬೆಳಕು ಅಲ್ಲಾಡಿತು. ಗಾಳಿಯಲ್ಲಿ ಅಜ್ಜನ ಕೂಗು ತುಂಡು ತುಂಡಾಗಿ ಬಂತು. "ಇಳೀರೋ... ಮರ ಬಿಡ್ರೋ..."

ಶಾಲೆಯಲ್ಲಿ ಕಲಿತದ್ದು ಆಗ ನೆನಪಾಯಿತು. ಮಿಂಚು ಕಂಡ ಮೇಲೆ ಎಣಿಸತೊಡಗಿದೆ. ಹನ್ನೆರಡಕ್ಕೆ ಗುಡುಗಿತು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಹಿಡಿಯುತ್ತದೆ. ಅಂದರೆ ನಾಲ್ಕು ಕಿಲೋಮೀಟರ್. ಮುಂದಿನದಕ್ಕೆ ಆರು. ಎರಡೇ ಕಿಲೋಮೀಟರ್. ಕೈ ನಡುಗುತ್ತಿತ್ತು. ಸರಪಳಿಯ ಕೊಂಡಿ ಬಿಚ್ಚಿದ್ದೇ ತಡ, ಕಾಳ್ಯಾ ನನ್ನ ಕೈಯಿಂದ ಜಾರಿ ಕತ್ತಲಲ್ಲಿ ಮಾಯ.

"ಕಾಳ್ಯಾ!" ಅಂತ ನಾನು ಇನ್ನೊಂದು ಕಡೆಯ ಬಂಡೆಗಳತ್ತ ಓಡಿದೆ. ಅವನನ್ನು ಬಿಟ್ಟು ಮನೆಗೆ ಹೋಗಿ ಅವ್ವನ ಮುಖ ಹೇಗೆ ನೋಡಲಿ? ಗೆಳೆಯ ಅಂಗಿ ಹಿಡಿದು ಜಗ್ಗಿದ. "ನಾಯಿ ಬರ್ತೈತಿ. ನೀ ಸತ್ರ ಬರಂಗಿಲ್ಲ." ಹಾಗೆ ಅಂದವನ ಧ್ವನಿಯಲ್ಲೂ ಅಳು ಇತ್ತು. ತಾಡಪತ್ರಿ, ರೊಟ್ಟಿ ಎಲ್ಲ ಅಲ್ಲೇ ಬಿಟ್ಟು, ಜಾರುತ್ತ, ಕೂರುತ್ತ, ಕೈ ತರಚಿಕೊಂಡು ಇಳಿದೆವು.

ಕಾಳ್ಯಾ ಅಜ್ಜನ ಗಾಡಿಯ ಕೆಳಗೆ ಮುದುಡಿ ಕೂತಿದ್ದ. ಅಜ್ಜನ ನಾಯಿ ಅವನನ್ನು ನೋಡಿ ಗುರುಗುಟ್ಟುತ್ತಿತ್ತು. ನಾನು ಅಲ್ಲೇ ಮಣ್ಣಲ್ಲಿ ಕೂತುಬಿಟ್ಟೆ.

"ಏಳ್ರೋ, ಕ್ಯಾಬಿನ್‌ನಾಗ ಕೂಡ್ರಿ" ಅಂತ ಅಜ್ಜ ಬಾಗಿಲು ತೆಗೆದ. ಮೂವರು ಮನುಷ್ಯರು, ಕಾಲ ಬಳಿ ಎರಡು ನಾಯಿ, ತೊಡೆಯ ಮೇಲೆ ಎಳೆ ಮರಿಗಳು. ಗಾಜು ಏರಿಸಿದೆವು. ಆಮೇಲೆ ಆಲಿಕಲ್ಲು ಬಿತ್ತು. ತಗಡಿನ ಮೇಲೆ ಜಲ್ಲಿ ಸುರಿದಂಥ ಸದ್ದು. ಮಾತು ಕೇಳಿಸುತ್ತಿರಲಿಲ್ಲ. ಕಾಳ್ಯಾ ನಡುಗುತ್ತಿದ್ದ. ನನ್ನ ಅಂಗಿ ತೆಗೆದು ಅವನ ಮೈ ಒರೆಸಿದೆ.

ಸದ್ದು ಕಡಿಮೆಯಾದಾಗ ಗೆಳೆಯ ಅಂದ: "ನೋಡ್ರಿ ಯಜ್ಜಾ, ಮರದ ಕೆಳಗ ನಿಂದ್ರಬಾರದು ಅಂತ ನಾಯಿಗೆ ಗೊತ್ತಾಗಿತ್ತು."

"ಅದಕ್ಕೇನ್ ಗೊತ್ತಿರ್ತೈತಿ?" ಅಂದ ಅಜ್ಜ. "ಗುಡುಗು ಬಂದ್ರ ನನ್ನ ನಾಯಿ ಮರದ ಬುಡಕ್ಕೇ ಹೋಗಿ ಕುಂದರತೈತಿ. ನಾಯಿ ಹೆದರಿತ್ತು, ಅಷ್ಟ. ನೀವು ಹೆದರಲಿಲ್ಲ ನೋಡ್ರಿ, ಅದು ತಪ್ಪು. ಹೆದರಿಕಿ ಇದ್ದಾಂವ ಲಗೂನ ಇಳೀತಾನ ತಮ್ಮಾ."

ಹಿಂದೊಮ್ಮೆ ಒಂದೇ ಸಿಡಿಲಿಗೆ ಅವನ ಹನ್ನೊಂದು ಕುರಿ ಹೋಗಿದ್ದವಂತೆ. ಮಳೆಗೆ ಹೆದರಿ ಒಂದು ಮರದ ಕೆಳಗೆ ಒತ್ತಿ ನಿಂತಿದ್ದವು. ಮೈಮೇಲೆ ಒಂದು ಗಾಯ ಇರಲಿಲ್ಲ ಅಂದ. ಊರಿಗೆ ಬಂದ ಮೇಲೆ ನಾನು ಓದಿ ಅರ್ಥ ಮಾಡಿಕೊಂಡೆ. ಸಿಡಿಲು ಮರಕ್ಕೆ ಬಿದ್ದು ಸುಮ್ಮನಾಗುವುದಿಲ್ಲ. ಕಾಂಡದಿಂದ ಪಕ್ಕದಲ್ಲಿ ನಿಂತವರ ಮೈಗೆ ಹಾರುತ್ತದೆ. ನೆಲದಲ್ಲೂ ಸುತ್ತ ಹರಡುತ್ತದೆ. ಹಾಗೆ ಹರಡುವಾಗ ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಕುರಿ, ದನ, ನಾಯಿಗಳ ಮುಂಗಾಲು ಹಿಂಗಾಲಿನ ನಡುವೆ ಅಂತರ ಹೆಚ್ಚು, ನಡುವೆ ಎದೆಗೂಡು. ಅದಕ್ಕೇ ಹಿಂಡಿಗೆ ಹಿಂಡೇ ಸಾಯುವುದು.

ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೂ ಅಜ್ಜ ನಮ್ಮನ್ನು ಇಳಿಯಲು ಬಿಡಲಿಲ್ಲ. ಅವನ ಬಳಿ ಗಡಿಯಾರ ಇರಲಿಲ್ಲ. ಆದರೂ ಪುಸ್ತಕದಲ್ಲಿ ಹೇಳುವುದು ಅದನ್ನೇ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಒಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಒಳಗೆ ಅಂದರೆ ಗೋಡೆ, ಛಾವಣಿ ಇರುವ ಮನೆ, ಇಲ್ಲವೇ ಲೋಹದ ಮೈ ಇರುವ ಮುಚ್ಚಿದ ಗಾಡಿ. ಗುಡಿಸಲು, ತಾಡಪತ್ರಿ, ಟೆಂಟ್ ಲೆಕ್ಕಕ್ಕಿಲ್ಲ. ಬಂಡೆ ಸಂದಿ, ಗವಿಯ ಬಾಯಿಯೂ ಅಪಾಯವೇ, ಬಂಡೆಯ ಮೇಲೆ ಹರಿದ ವಿದ್ಯುತ್ತು ಅಲ್ಲಿ ಮೈಮೇಲೆ ಹಾರಬಹುದು.

ಬೆಳಿಗ್ಗೆ ಸಾಮಾನು ತರಲು ಮತ್ತೆ ಗುಡ್ಡ ಹತ್ತಿದೆವು. ಮರ ಸುಟ್ಟಿರಬಹುದು, ಸೀಳಿರಬಹುದು ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಮರಕ್ಕೆ ಏನೂ ಆಗಿರಲಿಲ್ಲ. ಆಲಿಕಲ್ಲಿಗೆ ಎಲೆ ಉದುರಿತ್ತು, ಅಷ್ಟೇ. ತಾಡಪತ್ರಿ ಹಾರಿ ಕೆಳಗಿನ ಜಾಲಿ ಕಂಟಿಗೆ ಸಿಕ್ಕಿಕೊಂಡಿತ್ತು. ಸರಪಳಿ ಮರದ ಸುತ್ತ ಹಾಗೇ ಇತ್ತು.

ಆ ಮರ ನೋಡಿದ ಮೇಲೆ ನನಗೆ ನಿಜವಾಗಿ ಭಯವಾಯಿತು. ನಾವು ಅಲ್ಲೇ ನಿಂತಿದ್ದರೂ ಆ ರಾತ್ರಿ ಬದುಕಿರುತ್ತಿದ್ದೆವು. ಬದುಕಿ, 'ಮಳಿ ಬಂತು, ಮರದ ಕೆಳಗ ನಿಂತ್ವಿ, ಏನೂ ಆಗಲಿಲ್ಲ' ಅಂತ ಓಣಿಯಲ್ಲಿ ಹೇಳಿಕೊಂಡು, ಮುಂದಿನ ಸಲ ಮತ್ತೆ ನಿಲ್ಲುತ್ತಿದ್ದೆವು. ನಮ್ಮ ಹೊಲಗಳಲ್ಲಿ ಎಲ್ಲರೂ ಹಾಗೇ ನಿಲ್ಲುವುದು. ಹತ್ತು ಸಲ ಏನೂ ಆಗಿರುವುದಿಲ್ಲ. ಹನ್ನೊಂದನೆಯ ಸಲದ್ದು ನಾಲ್ಕು ಸಾಲಿನ ಸುದ್ದಿಯಾಗುತ್ತದೆ.

ನಿಮ್ಮಲ್ಲಿ ಯಾರಾದರೂ ನಾಯಿ ಕರೆದುಕೊಂಡು ಗುಡ್ಡಕ್ಕೆ ಹೋಗುವವರಿದ್ದರೆ ಹೋಗಿ, ಬೇಡ ಅನ್ನುವುದಿಲ್ಲ. ನಾನೂ ಮತ್ತೆ ಹೋಗಿದ್ದೇನೆ, ದೀಪಾವಳಿ ಮುಗಿದ ಮೇಲಿನ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಹೋದರೆ ಬೆಳಗಿನ ಜಾವ ಹತ್ತಿ, ಮಧ್ಯಾಹ್ನದೊಳಗೆ ಇಳಿಯಿರಿ. ಫೋನಿನ ಹವಾಮಾನ ಇಡೀ ಪಟ್ಟಣಕ್ಕೆ ಒಂದೇ ಮಾತು ಹೇಳುತ್ತದೆ, ಬೇಸಿಗೆಯ ಗುಡುಗು ಮಳೆ ಹುಟ್ಟುವುದು ಮಧ್ಯಾಹ್ನದ ಮೇಲೆ, ಸುರಿಯುವುದು ಕೆಲವೇ ಊರುಗಳ ಮೇಲೆ. ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ', ನಮ್ಮ ರಾಜ್ಯದ 'ಸಿಡಿಲು' ಎಂಬ ಆ್ಯಪ್‌ಗಳು ಹತ್ತಿರದಲ್ಲಿ ಸಿಡಿಲು ಇದೆಯೇ ಎಂದು ತೋರಿಸುತ್ತವೆ. ಊರಲ್ಲೇ ಹಾಕಿಕೊಂಡು ಹೋಗಿ, ಗುಡ್ಡದ ಮೇಲೆ ನೆಟ್‌ವರ್ಕ್ ಇರುತ್ತದೆ ಅಂತ ನಂಬಬೇಡಿ. ನಾಯಿಗೆ ಸರಪಳಿ ಬೇಡ, ಬಟ್ಟೆಯ ಹಗ್ಗ ಸಾಕು. ಅದರ ನೀರು ಬೇರೆಯೇ ಇರಲಿ. ಮನೆಗೆ ಬಂದ ಮೇಲೆ ಕಿವಿ, ಬೆರಳ ಸಂದಿಯಲ್ಲಿ ಉಣ್ಣೆ ಹತ್ತಿದೆಯೇ ನೋಡಿ. ರೇಬಿಸ್ ಲಸಿಕೆ ಆಗಿರಲಿ.

ಮನೆಗೆ ಬಂದಾಗ ಅವ್ವ ನಮ್ಮ ಕೈಯ ಗಾಯ ನೋಡಿದಳು, ಏನೂ ಕೇಳಲಿಲ್ಲ. ಮೊದಲು ಕಾಳ್ಯಾನಿಗೆ ಹಾಲು ರೊಟ್ಟಿ ಹಾಕಿದಳು. ಅವನು ತಿಂದು ಮಂಚದ ಕೆಳಗೆ ಹೋಗಿ ಮಲಗಿದ.

ಹದಿನೈದು ದಿನದ ಮೇಲೆ ಒಂದು ಸಂಜೆ ಮತ್ತೆ ಮೋಡ ಕಟ್ಟಿತು. ನಾನು ಹೊಲದ ಕಡೆಯಿಂದ ಬರುತ್ತಿದ್ದೆ. ದಾರಿಯ ಬೇವಿನ ಮರದ ಕೆಳಗೆ ನಾಲ್ಕೈದು ಮಂದಿ ಹೆಣ್ಣುಮಕ್ಕಳು ಬುಟ್ಟಿ ತಲೆಯ ಮೇಲಿಟ್ಟುಕೊಂಡು ನಿಂತಿದ್ದರು. ಬೈಕ್ ನಿಲ್ಲಿಸಿ, "ಯವ್ವಾ, ಮರ ಬಿಡ್ರಿ, ಶಾಲಿ ಕಡಿಗಿ ನಡೀರಿ" ಅಂದೆ.

"ತೋಯ್ತೀವಲ್ಲೋ ತಮ್ಮಾ?" ಅಂದಳು ಒಬ್ಬಾಕೆ.

"ತೋಯ್ಸಿಕೊಳ್ರಿ."

ಬೈದುಕೊಳ್ಳುತ್ತಲೇ ನಡೆದರು. ಶಾಲೆ ಮುಟ್ಟುವಷ್ಟರಲ್ಲಿ ಎಲ್ಲರೂ ತೊಯ್ದು ತಪ್ಪಡಿ. ಆ ಸಂಜೆಯೂ ಆ ಮರಕ್ಕೆ ಏನೂ ಆಗಲಿಲ್ಲ.